ಕಿತ್ತಳೆಯ ಸುಗ್ಗಿ

ಹಿಂಗಣಾದ ಬೀದಿಗಳಿಗೆ ಕಿತ್ತಳೆಯ ಗಾಡಿಗಳು ಬಂದು ನಿಂತಾಗಲೂ ನಾವು ಕೊಡಗಿನ ಕಿತ್ತಳೆಯನ್ನೇ ನೆನೆದು ನಿಟ್ಟುಸಿರುಬಿಡುವುದುಂಟು. ಊರ ನೆನಪು ಸಹಜವೇ. ಆದರೆ 2014ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ ನಾಗಪುರದ ಹಣ್ಣಿಗೆ ಇದು ಅನ್ಯಾಯವಲ್ಲವೆ?

ಇಲ್ಲಿಯ ಕಿತ್ತಳೆಗೆ ವರ್ಷಕ್ಕೆ ಎರಡು ಸುಗ್ಗಿ. ಮಾವು ಹೂಬಿಡುವ ಕಾಲದಲ್ಲಿಯೇ ತಾನೂ ಹೂಬಿಡುವ ‘ಅಂಬಿಯಾ ಬಹಾರ’ವು ನವೆಂಬರಿನಿಂದ ಕೈಗೆ ಬರುತ್ತದೆ, ಮೃಗಶಿರ ಮಳೆಗೆ ಹೂವಾಗುವ ‘ಮೃಗ ಬಹಾರ’ವು ಫೆಬ್ರವರಿ, ಮಾರ್ಚಿಗೆ. ಮಾವಿನಂತೆ ಕಿತ್ತ ಮೇಲೆ ಹಣ್ಣಾಗುವ ಗುಣ ಕಿತ್ತಳೆಗಿಲ್ಲ. ಗಿಡದಲ್ಲಿ ಕೂಡಿದ ಸಿಹಿಯಷ್ಟೇ ಅದರ ಸಿಹಿ. ಅವಸರಪಟ್ಟು ಹುಳಿಕಾಯನ್ನು ಕೊಂಡು ಹುಲ್ಲಿನಲ್ಲಿ ಮುಚ್ಚಿಟ್ಟರೆ ಫಲವಿಲ್ಲ.

ತೊಳೆ ತಿಂದು ಸಿಪ್ಪೆಯನ್ನು ಶಾಲೆಯ ಅಂಗಳಕ್ಕೆ ಎಸೆಯುವವರೊಡನೆ ನಮ್ಮದೊಂದು ಜಗಳವಿದೆ. (ಎಸೆಯುವವರಲ್ಲಿ ಉಪಾಧ್ಯಾಯರೂ ಇದ್ದಾರೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.) ನಮ್ಮ ತಾಯಂದಿರು ಆ ಸಿಪ್ಪೆಯನ್ನೇ ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಬಾಡಿಸಿ, ಹುಣಿಸೆಯ ರಸ, ಬೆಲ್ಲ, ಸಾರಿನ ಪುಡಿಗಳೊಡನೆ ಕುದಿಸಿ ಗೊಜ್ಜು ಮಾಡುತ್ತಾರೆ. ಬೆಲ್ಲ ಎಷ್ಟಿದ್ದರೂ ಕೊಂಚ ಕಹಿ ಉಳಿದಿರಬೇಕು. ಅದರ ರುಚಿಯೇ ಅದು. ಕೊಡಗಿನ ಸಿಪ್ಪೆಯಿಂದಲೇ ಗೊಜ್ಜಾಗಬೇಕೆಂಬ ನಿಯಮವೇನಿಲ್ಲ. ಮಿಕ್ಕ ಸಿಪ್ಪೆಯನ್ನು ಒಣಗಿಸಿ ಸೀಗೆಯೊಡನೆ ಪುಡಿಮಾಡಿಸಿಡಬಹುದು. ಇಲ್ಲಿಯ ಬಿಸಿಲಿಗೇನು ಕೊರತೆ!