ಸಿಎ-125 ರಕ್ತಪರೀಕ್ಷೆ ಅಂಡಾಶಯದ ಕ್ಯಾನ್ಸರ್‌ನಿಂದ ಜೀವ ಉಳಿಸುತ್ತದೆಯೇ?

ಎಲ್ಲ ಮಹಿಳೆಯರೂ ವರ್ಷಕ್ಕೊಮ್ಮೆ ಸಿಎ-125 ರಕ್ತಪರೀಕ್ಷೆ ಮಾಡಿಸಿಕೊಂಡರೆ ಅಂಡಾಶಯದ ಕ್ಯಾನ್ಸರ್‌ನಿಂದ ಪಾರಾಗಬಹುದು ಎನ್ನುವ ಸಂದೇಶ ಇಮೇಲ್ ಕಾಲದಿಂದಲೂ ಫಾರ್ವರ್ಡ್ ಆಗುತ್ತಿದೆ. ಇದರಲ್ಲಿ ನಿಜವೆಷ್ಟು? ನೋಡೋಣ.

ದೇಹದೊಳಗಿನ ಸ್ಥಿತಿಯ ಸುಳಿವು ಕೊಡುವ, ಅಳೆಯಬಹುದಾದ ಗುರುತನ್ನು ಬಯೋಮಾರ್ಕರ್ ಎನ್ನುತ್ತೇವೆ. ಸಿಎ-125 ಅಂಥದ್ದೊಂದು ಪ್ರೋಟೀನ್. ಅಂಡಾಶಯದ ಕ್ಯಾನ್ಸರ್ ಇರುವ ಅನೇಕರ ರಕ್ತದಲ್ಲಿ ಇದು ಹೆಚ್ಚಿರುತ್ತದೆ. ಆದರೆ ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್ ಅಥವಾ ಹೊಟ್ಟೆಯ ಕ್ಷಯ ಇದ್ದಾಗಲೂ ಏರಬಹುದು. ಅದೇ ಆರಂಭಿಕ ಹಂತದ ಕ್ಯಾನ್ಸರ್ ಇರುವ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರುವುದೇ ಇಲ್ಲ.

ಬ್ರಿಟನ್‌ನಲ್ಲಿ ಮುಟ್ಟು ನಿಂತ, 50ರಿಂದ 74 ವರ್ಷದ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸಂಶೋಧಕರು ಹಲವು ವರ್ಷ ಗಮನಿಸಿದರು. ಕೆಲವರಿಗೆ ಪ್ರತಿವರ್ಷ ಸಿಎ-125 ಪರೀಕ್ಷೆ, ಕೆಲವರಿಗೆ ಸ್ಕ್ಯಾನಿಂಗ್, ಉಳಿದವರಿಗೆ ಎರಡೂ ಇಲ್ಲ. 2021ರಲ್ಲಿ ಅಂತಿಮ ಫಲಿತಾಂಶ ಬಂತು: ರಕ್ತಪರೀಕ್ಷೆಯಿಂದ ಕೆಲವು ಕ್ಯಾನ್ಸರ್‌ಗಳು ಬೇಗ ಪತ್ತೆಯಾದರೂ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದ ಕೆಲವರು ಶಸ್ತ್ರಚಿಕಿತ್ಸೆಗೂ ಒಳಗಾಗಬೇಕಾಯಿತು.

ಹಾಗಾದರೆ ಈ ಪರೀಕ್ಷೆ ವ್ಯರ್ಥವೇ? ಅಲ್ಲ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು, ಲಕ್ಷಣಗಳಿದ್ದಾಗ ಸ್ಕ್ಯಾನಿಂಗ್ ಜೊತೆ ನೋಡಲು ಇದು ಉಪಯುಕ್ತ. ಲಕ್ಷಣವಿಲ್ಲದ ಎಲ್ಲರಿಗೂ ಅಲ್ಲ.

ಹೊಟ್ಟೆಯುಬ್ಬರ, ಕಿಬ್ಬೊಟ್ಟೆ ನೋವು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು ಕೆಲವು ವಾರಗಳಾದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ರಿಪೋರ್ಟ್ ನಾರ್ಮಲ್ ಇದ್ದರೂ ಸುಮ್ಮನಿರಬೇಡಿ. ಮನೆತನದಲ್ಲಿ ಅಂಡಾಶಯ ಅಥವಾ ಸ್ತನ ಕ್ಯಾನ್ಸರ್ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಫಾರ್ವರ್ಡ್ ಮಾಡುವುದಿದ್ದರೆ ಈ ಲಕ್ಷಣಗಳನ್ನೇ ಮಾಡಿ.