ನೀರು ಹೆಚ್ಚಾದ ಸಾರು, ಮುದಿಯಾದ ಜೀವಕೋಶ

ಕಳೆದ ವಾರ ಅಜ್ಜಿಯ ರವಿಕೆಗಳನ್ನೆಲ್ಲ ಅಮ್ಮ ಮತ್ತೆ ಒಳಗೆ ಹಿಡಿದು ಹೊಲಿದರು. "ವರ್ಷ ವರ್ಷಾನೂ ಕುಗ್ತಾ ಇದ್ದೀನಿ ನೋಡು" ಅಂತ ಅಜ್ಜಿ ನಕ್ಕರು. ಅವರಿಗೀಗ 84. ವಯಸ್ಸಾಗೋದು ಅಂದ್ರೆ ಕುಗ್ಗೋದು ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಜೀವಕೋಶಗಳ ಕಥೆ ಉಲ್ಟಾ. ಮುದಿಯಾದ ಕೋಶ ಹಿಗ್ಗುತ್ತದೆ!

ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೋಶಗಳು ಸುಮಾರು 50 ಸಲ ಇಬ್ಭಾಗವಾಗಿ ಆಮೇಲೆ ನಿಂತುಬಿಡುತ್ತವೆ ಅಂತ 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದರು. ಹಾಗೆ ನಿಂತ ಕೋಶ ಕೂಡಲೇ ಸಾಯೋದಿಲ್ಲ. ಚಪ್ಪಟೆಯಾಗಿ, ದೊಡ್ಡದಾಗಿ ಉಳಿಯುತ್ತದೆ. ಈ ದೊಡ್ಡ ಗಾತ್ರ ಮುಪ್ಪಿನ ಗುರುತಷ್ಟೇ ಅಲ್ಲ, ಅದಕ್ಕೆ ಒಂದು ಕಾರಣವೂ ಹೌದು ಅನ್ನೋದಕ್ಕೆ 2019ರಲ್ಲಿ ಎಂಐಟಿಯ ಏಂಜೆಲಿಕಾ ಅಮೋನ್ ಅವರ ತಂಡ ಪುರಾವೆ ಕೊಟ್ಟಿತು.

ಹೇಗೆ ಅಂತೀರಾ? ನಮ್ಮನೆ ಸಾರಿನ ಲೆಕ್ಕ. ನಾಲ್ಕು ಜನಕ್ಕೆ ಬೇಳೆ ಬೇಯಿಸಿದ್ದೀವಿ, ಊಟಕ್ಕೆ ಹತ್ತು ಜನ ಬಂದರು. ಬೇಳೆ ಅಷ್ಟೇ, ನೀರು ಸುರಿದೆವು. ಕೋಶವೂ ಇಬ್ಭಾಗವಾಗದೆ ಬರೀ ಬೆಳೆಯುತ್ತಾ ಹೋದರೆ ಒಳಗಿನ ಡಿಎನ್‌ಎ ಮೊದಲಿದ್ದಷ್ಟೇ ಇರುತ್ತದೆ. ಅಷ್ಟು ದೊಡ್ಡ ಕೋಶಕ್ಕೆ ಬೇಕಾದಷ್ಟು ಆರ್‌ಎನ್‌ಎ, ಪ್ರೋಟೀನ್ ಅದರಿಂದ ತಯಾರಾಗೋಲ್ಲ. ಒಳದ್ರವ ತೆಳ್ಳಗಾಗುತ್ತದೆ, ಕೆಲಸ ಕೆಡುತ್ತದೆ.

ಹಾಗಂತ ದೊಡ್ಡ ಕೋಶವೆಲ್ಲ ಮುದಿಯಲ್ಲ. ಸ್ನಾಯುವಿನ ಕೋಶ ಬಲು ಉದ್ದ, ಆದರೆ ಅದರೊಳಗೆ ಕೋಶಕೇಂದ್ರಗಳೂ ಹಲವು. ಅಂದರೆ ಬೇಳೆಯೂ ಜಾಸ್ತಿ!

ಅಮೋನ್ ಅವರ ಪ್ರಯೋಗಾಲಯದ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. ಇಲಿಗಳ ಹಿಗ್ಗಿದ ರಕ್ತ ಕಾಂಡಕೋಶಗಳು ಹೊಸ ರಕ್ತ ತಯಾರಿಸೋದರಲ್ಲಿ ಸೋತವು. ರಪಾಮೈಸಿನ್ ಅನ್ನೋ ಔಷಧದಿಂದ ಹಿಗ್ಗೋದನ್ನು ತಡೆದಾಗ ಕೆಲಸ ಉಳಿಸಿಕೊಂಡವು.

ಇದನ್ನು ಓದಿದ ರಾತ್ರಿ, ನಿಜ ಹೇಳ್ತೀನಿ, ಅಜ್ಜಿಗಾಗಿ ಆ ಮಾತ್ರೆಯನ್ನು ಫೋನಿನಲ್ಲಿ ಹುಡುಕಿದೆ. ಬೆಳಗ್ಗೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. "ಅದು ಕಿಡ್ನಿ ಕಸಿ ಆದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡೋ ಔಷಧ. ಈ ವಯಸ್ಸಲ್ಲಿ ಸೋಂಕು ತಗುಲಿದರೆ ಏನು ಮಾಡ್ತೀ?" ಅಂದರು. ಸುಮ್ಮನಾದೆ. ನೀವೂ ಆನ್‌ಲೈನ್ ಆರ್ಡರ್ ಒತ್ತುವ ಮುಂಚೆ ಒಂದು ಸಲ ಡಾಕ್ಟರನ್ನು ಕೇಳಿ.

ಅಜ್ಜಿಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಮಾತ್ರೆ ಬೇಡ ಕಣೇ. ಭಾನುವಾರ ಬಾ, ಸಾರು ಗಟ್ಟಿಯಾಗೇ ಮಾಡ್ತೀನಿ."