ಓರೆಗೆ ಓರೆಯೇ ಮದ್ದೆ?

ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ಪ್ರಾಣಿಗಳನ್ನು ನೋಡುತ್ತಾರೆ. ವಿಜ್ಞಾನ ಕೇಂದ್ರವನ್ನೂ ತಾರಾಲಯವನ್ನೂ ನೋಡುತ್ತಾರೆ. ಪಿಲಿಕುಳದಲ್ಲಿಯೇ ಇರುವ ಗಾಲ್ಫ್ ಮೈದಾನದ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ಅದು ಸಿರಿವಂತರ ಆಟ, ನಮಗೇಕೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ವೆಚ್ಚದ ಮಟ್ಟಿಗೆ ಆ ಮಾತು ಸುಳ್ಳಲ್ಲ. ಆದರೆ ಆಟದೊಳಗಿನ ಭೌತವಿಜ್ಞಾನಕ್ಕೆ ಯಾರೂ ಚಂದಾ ತೆರಬೇಕಾಗಿಲ್ಲವಷ್ಟೆ. ಅದು ನಮಗೆ ಕಲಿಸುವ ಪಾಠವು ಗಾಲ್ಫ್ ಮೈದಾನಕ್ಕಿಂತ ನಮ್ಮ ಪ್ರಯೋಗಶಾಲೆಗಳಿಗೇ ಹೆಚ್ಚು ಅವಶ್ಯವೆಂದು ನಮ್ಮ ಅಭಿಪ್ರಾಯ.

ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ. ಅದೇ ಊರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಈ ಆಟದಲ್ಲಿ ಅತಿ ದೂರಕ್ಕೆ ಹೊಡೆಯಲು ಬಳಸುವ ಉದ್ದನೆಯ ಕೋಲಿಗೆ ಡ್ರೈವರ್ ಎಂದು ಹೆಸರು. ಹೊಸದಾಗಿ ಆಡುವವನು ಅದನ್ನು ಬೀಸಿದಾಗ ಚೆಂಡು ನೆಟ್ಟಗೆ ಹೊರಟಂತೆ ತೋರಿ, ನಡುದಾರಿಯಲ್ಲಿ ಬಲಕ್ಕೆ ಬಾಗಿ, ಪೊದೆಯನ್ನು ಸೇರುತ್ತದೆ. ಇದೇ ಸ್ಲೈಸ್ ಎಂಬ ವ್ಯಾಧಿ. ಎಡಗೈಯವರಿಗಾದರೆ ಚೆಂಡು ಎಡಕ್ಕೆ ಬಾಗುತ್ತದೆ.

ಗಾಳಿಯಲ್ಲಿರುವ ಚೆಂಡನ್ನು ಪಕ್ಕಕ್ಕೆ ನೂಕುವವರು ಯಾರು? ಗಾಳಿಯೇ. ತಿರುಗುತ್ತ ಸಾಗುವ ಚೆಂಡು ತನ್ನ ಹಿಂದೆ ಬಿಟ್ಟುಹೋಗುವ ಗಾಳಿಯನ್ನು ಒಂದು ಪಕ್ಕಕ್ಕೆ ಓರೆಯಾಗಿ ತಳ್ಳುತ್ತದೆ. ಗಾಳಿಯು ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಗಾಲ್ಫ್ ಚೆಂಡಿಗೆ ಇದನ್ನು ಅನ್ವಯಿಸಿ ವಿವರಿಸಿದವರಲ್ಲಿ ಎಡಿನ್‌ಬರೋದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಪ್ರಮುಖರು. 1890ರ ದಶಕದಲ್ಲಿ ಅವರು ಚೆಂಡಿಗೆ ಪಟ್ಟಿಯೊಂದನ್ನು ಕಟ್ಟಿ ಹೊಡೆಯಿಸಿ, ಪಟ್ಟಿಯಲ್ಲಿ ಬಿದ್ದ ಸುತ್ತುಗಳನ್ನು ಎಣಿಸಿ, ಚೆಂಡು ಹಿಮ್ಮುಖವಾಗಿ ತಿರುಗುವುದರಿಂದಲೇ ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆಂದು ತೋರಿಸಿದರು. ಹಿಂದಕ್ಕೆ ತಿರುಗುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಅದನ್ನು ಮೇಲಕ್ಕೆತ್ತುತ್ತದೆ. ಚೆಂಡು ತಿರುಗುವ ಅಕ್ಷವು ನೆಲಕ್ಕೆ ಸಮಾನಾಂತರವಾಗಿರುವ ತನಕ ಈ ಎತ್ತುವ ಬಲವು ನೇರವಾಗಿ ಮೇಲ್ಮುಖವಾಗಿರುತ್ತದೆ. ಅಕ್ಷವು ಬಲಕ್ಕೆ ವಾಲಿತೋ, ಬಲವೂ ಬಲಕ್ಕೆ ವಾಲುತ್ತದೆ. ಚೆಂಡಿಗೆ ಎರಡು ಭ್ರಮಣಗಳಿಲ್ಲ; ಇರುವುದು ವಾಲಿದ ಒಂದೇ ಅಕ್ಷ.

ಅಕ್ಷವು ವಾಲುವುದೇಕೆ? ಕೋಲಿಗೂ ಚೆಂಡಿಗೂ ಸಂಪರ್ಕವಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಕಾಲ ಮಾತ್ರ. ಆ ಕ್ಷಣದಲ್ಲಿ ಕೋಲಿನ ಮುಖವು ನೋಡುತ್ತಿರುವ ದಿಕ್ಕು ಒಂದು. ಕೋಲಿನ ತಲೆಯು ಚಲಿಸುತ್ತಿರುವ ದಿಕ್ಕು ಇನ್ನೊಂದು. ಪಥಕ್ಕಿಂತ ಮುಖವು ಬಲಕ್ಕೆ ತಿರುಗಿದ್ದರೆ ಅಕ್ಷವು ಬಲಕ್ಕೆ ವಾಲುತ್ತದೆ. ಈ ಅಂತರವು 4 ಅಂಶವೆಂದಿಟ್ಟುಕೊಳ್ಳೋಣ. ಡ್ರೈವರಿನಲ್ಲಿ ಚೆಂಡನ್ನು ಹಿಂದಕ್ಕೆ ತಿರುಗಿಸುವ ಕೋನವು ಸುಮಾರು 12 ಅಂಶವಾದರೆ, 12ಕ್ಕೆ 4ರ ಪ್ರಮಾಣದಿಂದ ಅಕ್ಷವು ಸ್ಥೂಲವಾಗಿ 18 ಅಂಶ ವಾಲುತ್ತದೆ. ಎತ್ತುವ ಬಲದ ಮೂರರಲ್ಲೊಂದು ಪಾಲಿನಷ್ಟು ಪಕ್ಕಕ್ಕೆ ನೂಕತೊಡಗುತ್ತದೆ. ಆ ಕೋನವು 48 ಅಂಶವಿರುವ ಗಿಡ್ಡ ಕೋಲಿನಲ್ಲಿ ಅದೇ ತಪ್ಪಿಗೆ ವಾಲುವಿಕೆ 5 ಅಂಶ ಮಾತ್ರ. ಗಿಡ್ಡ ಕೋಲು ಮನ್ನಿಸುವ ತಪ್ಪನ್ನು ಡ್ರೈವರ್ ಮನ್ನಿಸದಿರುವುದು ಇದಕ್ಕಾಗಿಯೇ.

ಇನ್ನು ಚಿಕಿತ್ಸೆಯ ವಿಚಾರ. ಚೆಂಡು ಬಲಕ್ಕೆ ಹೋಗುವುದನ್ನು ಕಂಡ ಆಟಗಾರನು ಸಹಜವಾಗಿಯೇ ಎಡಕ್ಕೆ ಗುರಿಯಿಡುತ್ತಾನೆ. ಕಾಲುಗಳನ್ನೂ ಭುಜಗಳನ್ನೂ ಎಡಕ್ಕೆ ತಿರುಗಿಸಿ, ಕೋಲನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತಾನೆ. ಪಥವು ಎಡಕ್ಕೆ ಸರಿಯಿತು. ಮುಖವಾದರೋ ಗುರಿಯನ್ನೇ ನೋಡುತ್ತಿದೆ. ಅಂತರವು 4 ಅಂಶದಿಂದ 8 ಅಂಶಕ್ಕೆ ಏರಿತು! ಚೆಂಡು ಇಮ್ಮಡಿ ಬಾಗುತ್ತದೆ. ಆತನು ಇನ್ನಷ್ಟು ಎಡಕ್ಕೆ ತಿರುಗುತ್ತಾನೆ. ಮದ್ದೇ ರೋಗವನ್ನು ಬೆಳೆಸುವುದೆಂದರೆ ಇದೇ.

ಬೋಧಕರೂ ಬಹುಕಾಲ ದಾರಿ ತಪ್ಪಿದ್ದುಂಟು. ಚೆಂಡು ಕೋಲಿನ ಪಥವನ್ನು ಹಿಡಿದು ಹೊರಟು, ಬಳಿಕ ಮುಖವು ನೋಡಿದ ದಿಕ್ಕಿಗೆ ಬಾಗುತ್ತದೆಂದು ಹಲವು ದಶಕಗಳ ಕಾಲ ಬೋಧಿಸಲಾಗುತ್ತಿತ್ತು. ಈ ಶತಮಾನದ ಆದಿಯಲ್ಲಿ ಡಾಪ್ಲರ್ ರೇಡಾರ್ ಮಾಪಕಗಳು ಬಳಕೆಗೆ ಬಂದ ಮೇಲೆ, ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ, ಸುಮಾರು ಐದರಲ್ಲಿ ನಾಲ್ಕು ಪಾಲು, ಮುಖವೇ ನಿರ್ಧರಿಸುತ್ತದೆಂದು ಸ್ಪಷ್ಟವಾಯಿತು. ನೆಟ್ಟಗೆ ಹೊರಟು ಬಲಕ್ಕೆ ಬಾಗಿದ ಚೆಂಡನ್ನು ಕಂಡು ಹಳೆಯ ಸೂತ್ರವು ಮುಖವನ್ನು ದೂರುತ್ತಿತ್ತು. ನಿಜವಾದ ಅಪರಾಧಿ ಪಥವಾಗಿತ್ತು.

ಚೆಂಡನ್ನೇ ತಿದ್ದಲು ಹೊರಟವರೂ ಇದ್ದಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಪೊಲಾರಾ ಎಂಬ ಚೆಂಡು ಮಾರಾಟಕ್ಕೆ ಬಂದಿತು. ಅದರ ಮೈಮೇಲಿನ ಗುಳಿಗಳು ಎಲ್ಲೆಡೆಯೂ ಒಂದೇ ಬಗೆಯಾಗಿರದೆ, ಬಾಗುವಿಕೆಯನ್ನು ತಗ್ಗಿಸುವಂತೆ ರಚಿತವಾಗಿದ್ದುವು. ಅಮೆರಿಕದ ಗಾಲ್ಫ್ ಸಂಸ್ಥೆಯು 1981ರಲ್ಲಿ ಚೆಂಡು ಸಮಮಿತಿಯುಳ್ಳದ್ದಾಗಿರಬೇಕೆಂಬ ನಿಯಮವನ್ನೇ ಮಾಡಿತು. ಅದು ಸರಿಯೆಂದೇ ನಮ್ಮ ಮತ. ತಪ್ಪನ್ನು ಮುಚ್ಚುವ ಚೆಂಡು ತಪ್ಪನ್ನು ತಿಳಿಸುವುದಿಲ್ಲ.

ನಿಜವಾದ ಮದ್ದು ಸರಳವಾದುದು. ಕಾಲು, ಸೊಂಟ, ಭುಜಗಳು ಗುರಿಯ ರೇಖೆಗೆ ಸಮಾನಾಂತರವಾಗಿರಲಿ. ಚೆಂಡು ಎಡಹಿಮ್ಮಡಿಯ ನೇರದಲ್ಲಿರಲಿ. ಅದಕ್ಕಿಂತ ಮುಂದೆ ಬೇಡ. ಕೋಲನ್ನು ಹಿಡಿದ ಎರಡು ಕೈಗಳನ್ನೂ ತುಸು ಬಲಕ್ಕೆ ಹೊರಳಿಸಿ, ಬಿಗಿಯನ್ನು ಸಡಿಲಿಸಿದರೆ ಮುಖವು ಸಕಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಚೆಂಡಿನ ಹಿಂದೆ, ರೇಖೆಯಿಂದ ತುಸು ಹೊರಗೆ, ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನಿಟ್ಟು, ಅದಕ್ಕೆ ತಗಲದಂತೆ ಬೀಸುವುದನ್ನು ಅಭ್ಯಾಸ ಮಾಡಿದರೆ ಪಥವು ತಾನಾಗಿ ಸರಿಹೋಗುತ್ತದೆ. ಒಂದೊಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡಬೇಕು.

ವಿದ್ಯಾರ್ಥಿಮಿತ್ರರೇ, ಇಷ್ಟನ್ನೂ ಹೇಳಿದುದು ನಿಮ್ಮನ್ನು ಗಾಲ್ಫ್ ಆಟಗಾರರನ್ನಾಗಿಸಲು ಅಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ಎಡಕ್ಕೆ ಗುರಿಯಿಡುವವರು ಎಷ್ಟು ಮಂದಿ! ಒಂದು ಮೀಟರ್ ಉದ್ದದ ಲೋಲಕವನ್ನು ಗುಂಡಿನ ಮಧ್ಯದವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದರೆ, ಒಂದು ಸೆಂಟಿಮೀಟರ್ ತಪ್ಪಿ, ಗುರುತ್ವ ವೇಗೋತ್ಕರ್ಷವು 9.8ರ ಬದಲು 9.7 ಬರುತ್ತದೆ. ಆಗ ವಿದ್ಯಾರ್ಥಿಯು ಮಾಡುವುದೇನು? 20 ಆಂದೋಲನಗಳ ಕಾಲವನ್ನು ಸೆಕೆಂಡಿನ ಐದರಲ್ಲೊಂದು ಪಾಲಿನಷ್ಟು ತಗ್ಗಿಸಿ ಬರೆಯುತ್ತಾನೆ, ಉತ್ತರ 9.8 ಆಗುತ್ತದೆ, ಅಂಕಗಳು ದೊರೆಯುತ್ತವೆ. ಒಂದು ತಪ್ಪಿದ್ದೆಡೆಯಲ್ಲಿ ಈಗ ಎರಡು ತಪ್ಪುಗಳಿವೆ. ವಿದ್ಯಾರ್ಥಿದಶೆಯಲ್ಲಿ ನಾವೂ ಹೀಗೆ ಮಾಡಿದವರೇ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ದೋಷವು ವಿದ್ಯಾರ್ಥಿಯೊಬ್ಬನದೇ ಅಲ್ಲ. ಉತ್ತರವನ್ನು ನೋಡಿ ಅಂಕವನ್ನೀಯುವ ನಾವು ಅಧ್ಯಾಪಕರೂ ಹೊಣೆಗಾರರು. 9.7 ಎಂದು ಬರೆದು, ಅದೇಕೆ ಬಂದಿತೆಂದು ಹುಡುಕಿ, ಕೊಕ್ಕೆಯ ಬಳಿ ತಪ್ಪನ್ನು ಹಿಡಿದವನಿಗೆ ಪೂರ್ಣ ಅಂಕಗಳು ಸಲ್ಲಬೇಕು. ಏಕೆಂದರೆ 9.8 ಎಂಬ ಸಂಖ್ಯೆಯು ಪುಸ್ತಕದಲ್ಲಿ ಮೊದಲೇ ಇದೆ; ತಪ್ಪಿನ ಕಾರಣವನ್ನು ಹುಡುಕುವ ಶಕ್ತಿಯು ಪುಸ್ತಕದಲ್ಲಿಲ್ಲ. ನಾಳೆ ಇವರೇ ಸೇತುವೆಗಳನ್ನು ಕಟ್ಟುವವರು, ಔಷಧಿಯ ಪ್ರಮಾಣವನ್ನು ಅಳೆಯುವವರು. ಅಲ್ಲಿ ಬಾಗಿದ ಚೆಂಡು ಪೊದೆಯಲ್ಲಿ ಬಿದ್ದು ಸುಮ್ಮನಾಗುವುದಿಲ್ಲ.